ಬೆಣಚುಕಲ್ಲಿನೊಳಗಣ ಹೊನ್ನು: ಹಟ್ಟಿ-ಮಸ್ಕಿ ಸೀಮೆಯ ಅದಿರೂ ಅದನ್ನು ಬಿಡಿಸುವ ವಿಧಾನಗಳೂ

ಬಳ್ಳಾರಿಯ ಉತ್ತರಕ್ಕೆ ಕುರುಗೋಡು ತಾಲ್ಲೂಕಿನಲ್ಲಿರುವ ಬಾದನಹಟ್ಟಿಯ ಸುತ್ತಣ ಸೀಮೆಯು ಎರೆಯ ಹೊಲಗಳಿಗೂ ಗ್ರಾನೈಟು ಕಲ್ಲಿನ ಬೋಳುಗುಡ್ಡಗಳಿಗೂ ಹೆಸರಾದುದು. ಅಲ್ಲಿ ಚಿನ್ನದ ಗಣಿಯಿಲ್ಲ. ಆದರೂ ಕರ್ಣಾಟಕದ ಚಿನ್ನದ ಚರಿತ್ರೆಯನ್ನು ಬರೆಯಹೊರಟವರು ಈ ಸೀಮೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನೆರೆಯ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟಗಳಲ್ಲಿ ಎಂ. ಎಸ್. ನಾಗರಾಜರಾಯರು 1963-64ರಲ್ಲಿ ನಡೆಸಿದ ಉತ್ಖನನದಲ್ಲಿ, ಕಲ್ಲಿನ ಕೊಡಲಿಯನ್ನು ಬಳಸುತ್ತಿದ್ದ ನವಶಿಲಾಯುಗದ ಜನರ ನೆಲೆಯೊಳಗೆ, ಚಿನ್ನದ ಕಿರಿಯ ಆಭರಣಗಳು ದೊರೆತುವು. ಅವು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನಕ್ಕೆ ಸೇರಿದವು. ಅದೇ ತಾಲ್ಲೂಕಿನ ನಿಟ್ಟೂರು, ಉಡೇಗೊಳಗಳಲ್ಲಿ 1977-78ರ ಸುಮಾರಿಗೆ ಅಶೋಕನ ಹೆಸರುಳ್ಳ ಬಂಡೆಶಾಸನಗಳು ಬೆಳಕಿಗೆ ಬಂದುವು. ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ನಡೆದರೆ ಮಸ್ಕಿ. ಮಸ್ಕಿಗೂ ಉತ್ತರಕ್ಕೆ, ಲಿಂಗಸುಗೂರು ತಾಲ್ಲೂಕಿನಲ್ಲಿ, ಇಂದಿಗೂ ಚಿನ್ನವನ್ನು ತೆಗೆಯುತ್ತಿರುವ ಹಟ್ಟಿ. ಹೀಗೆ ಕಲ್ಲಿನ ಕೊಡಲಿ, ಮೌರ್ಯರ ಶಾಸನ, ಇಂದಿನ ಗಣಿ ಈ ಮೂರೂ ಒಂದೇ ಹಾದಿಯ ಮೇಲೆ ಸಿಕ್ಕುವ ಪ್ರದೇಶವು ನಾಡಿನಲ್ಲಿ ಬೇರೊಂದಿಲ್ಲ.

ಊರ ಹೆಸರುಗಳ ವಿಷಯದಲ್ಲಿ ಮೊದಲೇ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ಸಂಸ್ಕೃತ ಕೋಶಗಳಲ್ಲಿ ಚಿನ್ನಕ್ಕೆ ‘ಹಾಟಕ’ವೆಂಬ ಪರ್ಯಾಯವಿರುವುದರಿಂದ ಅದನ್ನು ‘ಹಟ್ಟಿ’ಯೊಡನೆ ಸೇರಿಸುವ ಆಸೆಯು ಯಾರಿಗಾದರೂ ಹುಟ್ಟೀತು. ಆದರೆ ಹಟ್ಟಿಯೆಂದರೆ ಕನ್ನಡದಲ್ಲಿ ದನಕುರಿಗಳ ದೊಡ್ಡಿ, ಅದರ ಸುತ್ತ ಬೆಳೆದ ಕಿರಿಯ ಊರು. ಬಾದನಹಟ್ಟಿಯ ಹಟ್ಟಿಯೂ ಚಿನ್ನದ ಹಟ್ಟಿಯೂ ಒಂದೇ ಮಾತು. ಚಿನ್ನವು ಆ ಊರಿನ ನೆಲದಲ್ಲಿದೆಯೇ ಹೊರತು ಹೆಸರಿನಲ್ಲಿಲ್ಲ.

ವಿಚಾರಕ್ಕೆ ತೆಗೆದುಕೊಳ್ಳಬೇಕಾದ ಮುಖ್ಯವಾದ ಪದವು ‘ಅದಿರು’. ಹಳೆಯ ಟೀಕುಗಳಲ್ಲಿ ‘ಅದುರು’ ಎಂದರೆ ಗಣಿಯಿಂದ ತೆಗೆದು ಇನ್ನೂ ಕರಗಿಸದೆ ಇರುವ ಲೋಹ. ಲೋಹವುಳ್ಳ ಕಲ್ಲೆಲ್ಲವೂ ಅದಿರೆಂದು ಸಾಮಾನ್ಯರು ತಿಳಿಯುವುದುಂಟು. ಗಣಿಯವರ ಮಾತಿನಲ್ಲಿ ಹಾಗಲ್ಲ. ಯಾವ ಕಲ್ಲಿನಿಂದ ಲೋಹವನ್ನು ತೆಗೆದರೆ, ತೆಗೆದ ಖರ್ಚು ಕಳೆದು ಏನಾದರೂ ಉಳಿಯುವುದೋ ಅದು ಮಾತ್ರ ಅದಿರು. ಉಳಿದುದು ಬರಿಯ ಕಲ್ಲು. ಆದುದರಿಂದ ಅದಿರೆಂಬುದು ಕಲ್ಲಿನ ಜಾತಿಯ ಹೆಸರಲ್ಲ. ಕಲ್ಲಿಗೂ ಅದನ್ನು ಒಡೆಯುವವನ ವಿದ್ಯೆಗೂ ಇರುವ ಸಂಬಂಧದ ಹೆಸರು. ವಿದ್ಯೆ ಬದಲಾದರೆ ನಿನ್ನೆಯ ಕಸ ಇಂದಿನ ಅದಿರಾಗುವುದು. ಖರ್ಚು ಏರಿದರೆ ನಿನ್ನೆಯ ಅದಿರು ಇಂದು ಬರಿಗಲ್ಲಾಗುವುದು. ಚಿನ್ನವನ್ನು ಬಿಡಿಸುವ ವಿಧಾನಗಳ ಕಥೆಯನ್ನು ಈ ದೃಷ್ಟಿಯಿಂದ ಓದಿದರೆ, ಪ್ರಾಚೀನರು ಎಲ್ಲಿ ಅಗೆದರು, ಎಲ್ಲಿ ನಿಲ್ಲಿಸಿದರು, ಏಕೆ ನಿಲ್ಲಿಸಿದರು ಎಂಬ ಪ್ರಶ್ನೆಗಳಿಗೂ ಉತ್ತರದ ದಾರಿ ಕಾಣುವುದು.

ಮೊದಲು ಚಿನ್ನವು ಕಲ್ಲಿನೊಳಗೆ ಸೇರಿದ ಬಗೆಯನ್ನು ನೋಡಬಹುದು. ಕರ್ಣಾಟಕದ ನೆಲದ ಬಹುಭಾಗವು ಗ್ರಾನೈಟು ಮತ್ತು ನೈಸ್ ಎಂಬ ಶಿಲೆಗಳಿಂದಾದುದು. ಇವುಗಳ ನಡುವೆ ಉತ್ತರ-ದಕ್ಷಿಣವಾಗಿ, ಬಟ್ಟೆಯಲ್ಲಿ ನೇಯ್ದ ಪಟ್ಟೆಗಳಂತೆ, ಕಪ್ಪುಹಸುರು ಬಣ್ಣದ ಪದರುಶಿಲೆಗಳು ಹಾದುಹೋಗಿವೆ. ಇವನ್ನು ಧಾರವಾಡದ ಹೆಸರಿನಿಂದ ಕರೆದು ಶಾಸ್ತ್ರಲೋಕಕ್ಕೆ ಪರಿಚಯಮಾಡಿಸಿದವರು ರಾಬರ್ಟ್ ಬ್ರೂಸ್ ಫೂಟರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಅವರ ಬೃಹದ್ಗ್ರಂಥವು 1895ರಲ್ಲಿ ಪ್ರಕಟವಾಯಿತು. ಈ ಪಟ್ಟೆಗಳು ಮೂಲತಃ ಸಮುದ್ರದಡಿಯಲ್ಲಿ ಉಕ್ಕಿದ ಲಾವಾರಸ; ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನವು. ಸಂಡೂರಿನ ಪಟ್ಟೆಯು ಕಬ್ಬಿಣಕ್ಕೂ ಮ್ಯಾಂಗನೀಸಿಗೂ ಪ್ರಸಿದ್ಧವಾಯಿತು. ಕೊಕ್ಕೆಯ ಆಕಾರದಲ್ಲಿ ಬಾಗಿರುವ ಹಟ್ಟಿ-ಮಸ್ಕಿಯ ಪಟ್ಟೆಯೂ ಕೋಲಾರದ ಪಟ್ಟೆಯೂ ಚಿನ್ನಕ್ಕೆ ಪ್ರಸಿದ್ಧವಾದುವು. ಗದಗಿನ ಕಪ್ಪತಗುಡ್ಡದ ಪಟ್ಟೆಯಲ್ಲಿಯೂ ಚಿನ್ನವುಂಟು.

ಭೂಮಿಯ ಒಳಗಿನ ಒತ್ತಡದಿಂದ ಈ ಪದರುಶಿಲೆಗಳು ಬಿರಿದಾಗ ಆ ಬಿರುಕುಗಳಲ್ಲಿ ಕೆಳಗಿನಿಂದ ಅತ್ಯುಷ್ಣವಾದ ನೀರು ಮೇಲೇರಿತು. ಆ ನೀರಿನಲ್ಲಿ ಗಂಧಕವಿತ್ತು; ಗಂಧಕದೊಡನೆ ಕೂಡಿಕೊಂಡು ಅತಿ ಸ್ವಲ್ಪಪ್ರಮಾಣದ ಚಿನ್ನವೂ ಕರಗಿತ್ತು. ಈ ನೀರು ಕಬ್ಬಿಣದ ಅಂಶ ಹೆಚ್ಚಾಗಿರುವ ಕಪ್ಪುಕಲ್ಲನ್ನು ಮುಟ್ಟಿದೊಡನೆ ಗಂಧಕವು ಚಿನ್ನವನ್ನು ಬಿಟ್ಟು ಕಬ್ಬಿಣವನ್ನು ಹಿಡಿಯಿತು. ಕೈಬಿಟ್ಟ ಚಿನ್ನವು ಅಲ್ಲಿಯೇ ನಿಂತಿತು. ಕಬ್ಬಿಣವೂ ಗಂಧಕವೂ ಸೇರಿ ಹಿತ್ತಾಳೆಯಂತೆ ಹೊಳೆಯುವ ಪೈರೈಟು ಆಯಿತು. ಆರ್ಸೆನಿಕ್ಕು ಜತೆಗೂಡಿದೆಡೆಯಲ್ಲಿ ಆರ್ಸೆನೊಪೈರೈಟು ಆಯಿತು. ಬಿರುಕನ್ನು ತುಂಬಿದ ಬಿಳಿಯ ಬೆಣಚುಕಲ್ಲು ಕಣ್ಣಿಗೆ ಎದ್ದು ಕಾಣುವುದರಿಂದ ಚಿನ್ನವೆಲ್ಲವೂ ಅದರಲ್ಲಿದೆಯೆಂದು ತೋರುವುದು; ವಾಸ್ತವವಾಗಿ ಹಟ್ಟಿಯಲ್ಲಿ ಬೆಣಚಿನ ಇಕ್ಕೆಲದ ಬದಲಾದ ಕಪ್ಪುಕಲ್ಲಿನಲ್ಲಿಯೂ ಚಿನ್ನವು ಹರಡಿಕೊಂಡಿದೆ. ಪೈರೈಟಿನ ಹೊಳಪನ್ನು ಕಂಡು ಚಿನ್ನವೆಂದು ಭ್ರಮಿಸಿದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಭ್ರಮೆಯಾದರೂ ಪೂರ್ತಿಯಾಗಿ ಆಧಾರವಿಲ್ಲದುದಲ್ಲ: ಪೈರೈಟು ಚಿನ್ನವಲ್ಲದಿದ್ದರೂ ಚಿನ್ನದ ಜತೆಗಾರ ಹೌದು. ಕುರುಗೋಡಿನ ಗ್ರಾನೈಟು ಗುಡ್ಡಗಳಲ್ಲಿ ಗಣಿಗಳಿಲ್ಲದಿರುವುದಕ್ಕೆ ಕಾರಣವೂ ಇಲ್ಲಿಯೇ ಇದೆ. ಗಂಧಕವನ್ನು ಹಿಡಿದು ಚಿನ್ನವನ್ನು ಬಿಡಿಸುವಷ್ಟು ಕಬ್ಬಿಣವು ಆ ತಿಳಿಬಣ್ಣದ ಕಲ್ಲಿನಲ್ಲಿರುವುದಿಲ್ಲ.

ಚಿನ್ನದ ಪ್ರಮಾಣವನ್ನು ಕುರಿತು ಒಂದು ಲೆಕ್ಕ. ಒಂದು ಟನ್ನು ಕಲ್ಲಿನಲ್ಲಿ ಮೂರು ಗ್ರಾಮು ಚಿನ್ನವಿದ್ದರೆ ಇಂದಿನ ಕಾಲಕ್ಕೆ ಅದು ಅದಿರೆನಿಸಿಕೊಳ್ಳಬಹುದು. ಮೂರು ಗ್ರಾಮು ಚಿನ್ನವನ್ನು ಒಂದೆಡೆ ಸೇರಿಸಿದರೆ ಅದರ ಗಾತ್ರವು ಒಂದು ಕಡಲೆಕಾಳಿಗಿಂತ ಕಿರಿದು. ಒಂದು ತೊಲೆ ಚಿನ್ನವಾಗಬೇಕಾದರೆ ಇಂಥ ಕಲ್ಲನ್ನು ಸುಮಾರು ನಾಲ್ಕು ಟನ್ನು ಅಗೆದು, ಮೇಲೆ ತಂದು, ಗೋದಿಯ ಹಿಟ್ಟಿಗಿಂತ ನುಣ್ಣಗೆ ಅರೆಯಬೇಕು. ಕಡಲೆಕಾಳಿನಷ್ಟು ಚಿನ್ನವು ಆ ಟನ್ನಿನಲ್ಲಿ ಒಂದೇ ಗಟ್ಟಿಯಾಗಿ ಕುಳಿತಿರುವುದೂ ಇಲ್ಲ. ಕಣ್ಣಿಗೆ ಕಾಣದ ಲಕ್ಷಾಂತರ ಕಣಗಳಾಗಿ ಚದರಿರುವುದು. ಚಿನ್ನದ ಗಣಿಯ ಕಷ್ಟವೆಲ್ಲ ಈ ಚದರಿಕೆಯಲ್ಲಿದೆ.

ಪ್ರಾಚೀನರಿಗೆ ಇದು ಹೇಗೆ ಸಾಧ್ಯವಾಯಿತು? ಅವರು ಸಾಮಾನ್ಯವಾದ ಕಲ್ಲನ್ನು ಮುಟ್ಟಲಿಲ್ಲವೆಂಬುದೇ ಉತ್ತರದ ಮೊದಲ ಭಾಗ. ಮಳೆಗಾಳಿಗಳಿಗೆ ಸಿಕ್ಕಿ ಪೈರೈಟು ತುಕ್ಕುಹಿಡಿದು ಕರಗಿಹೋದ ಮೇಲುಪದರದಲ್ಲಿ ಚಿನ್ನದ ಕಣಗಳು ಬಿಡಿಯಾಗಿ, ಶುದ್ಧವಾಗಿ ಉಳಿಯುತ್ತವೆ, ಕಲ್ಲೂ ಮೆತ್ತಗಾಗಿರುತ್ತದೆ. ಅವರು ಅಲ್ಲಿಂದ ಆರಂಭಿಸಿ, ಬೆಣಚಿನ ಶ್ರೀಮಂತವಾದ ಎಳೆಗಳನ್ನೇ ಅನುಸರಿಸಿ ಕೆಳಗಿಳಿದರು. ಕೆಳಗೆ ಗಟ್ಟಿಯಾದ ಕಲ್ಲು ಎದುರಾದಾಗ ಬೆಂಕಿಯನ್ನು ಬಳಸಿದರು. ಕಲ್ಲಿನ ಮುಖಕ್ಕೆ ಸೌದೆಯನ್ನೊಟ್ಟಿ ಉರಿಸಿ, ಕಾದ ಕಲ್ಲಿನ ಮೇಲೆ ನೀರೆರಚಿದರೆ ಅದು ಬಿರಿಯುವುದು. ಬಿರಿದ ಕಲ್ಲನ್ನು ಉಳಿಯಿಂದ ಎಬ್ಬಿಸುವರು. ಈಜಿಪ್ಟಿನ ಗಣಿಗಳಲ್ಲಿಯೂ ಇದೇ ಕ್ರಮವಿದ್ದಿತೆಂದು ಗ್ರೀಕ್ ಲೇಖಕನಾದ ಡಿಯೊಡೋರಸನು ವರ್ಣಿಸಿದ್ದಾನೆ. ಹಟ್ಟಿಯ ಹಳೆಯ ಸುರಂಗಗಳಲ್ಲಿ ಇದ್ದಿಲೂ ಬೂದಿಯೂ ಕಾಣಿಸಿಕೊಂಡುದರ ಅರ್ಥ ಇದೇ. ಸಿಡಿಮದ್ದಿಲ್ಲದೆ, ಗಾಳಿಯಾಡಿಸುವ ಯಂತ್ರವಿಲ್ಲದೆ, ಹೊಗೆ ತುಂಬಿದ ಇಕ್ಕಟ್ಟಿನಲ್ಲಿ ಅವರು 600 ಅಡಿಗೂ ಮಿಕ್ಕ ಆಳವನ್ನು ಮುಟ್ಟಿದ್ದರು. ಆ ಕಾಲದ ಗಣಿಗಳಲ್ಲಿ ಇಂಥ ಆಳವು ಲೋಕದಲ್ಲಿಯೇ ಅಪೂರ್ವವಾದುದು. ಹಳೆಯ ಸುರಂಗದೊಳಗೆ ಉಳಿದಿದ್ದ ಮರದ ತುಂಡುಗಳನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅವು ಕ್ರಿಸ್ತಶಕದ ಆರಂಭದ ಶತಮಾನಗಳಿಗೆ ಸೇರಿದುವೆಂದು ಗೊತ್ತಾಯಿತು.

ಮೇಲೆ ತಂದ ಕಲ್ಲನ್ನು ಬಂಡೆಯಲ್ಲಿ ಕೊರೆದ ಗುಳಿಗಳಲ್ಲಿಟ್ಟು ಗುಂಡುಕಲ್ಲಿನಿಂದ ಕುಟ್ಟುತ್ತಿದ್ದರು. ಹಟ್ಟಿಯ ಆಸುಪಾಸಿನಲ್ಲಿ ಇಂಥ ಒರಳುಗುಳಿಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಕುಟ್ಟಿದ ಪುಡಿಯನ್ನು ನೀರಿನಲ್ಲಿ ಜಾಲಿಸುವುದು ಮುಂದಿನ ಕೆಲಸ. ಚಿನ್ನವು ನೀರಿಗಿಂತ 19 ಪಟ್ಟು ಭಾರ, ಬೆಣಚು ಎರಡೂವರೆ ಪಟ್ಟಿಗೆ ಸ್ವಲ್ಪ ಹೆಚ್ಚು. ಬೋಗುಣಿಯನ್ನು ಓರೆಮಾಡಿ ತಿರುವಿದರೆ ಬೆಣಚಿನ ಪುಡಿಯು ನೀರಿನೊಡನೆ ಹೊರಗೆ ಹೋಗಿ ಚಿನ್ನವು ತಳದಲ್ಲಿ ನಿಲ್ಲುವುದು. ಅಡಿಗೆಮನೆಯಲ್ಲಿ ಅಕ್ಕಿಯನ್ನು ಜಾಲಿಸಿ ಕಲ್ಲನ್ನು ತಳದಲ್ಲಿ ಉಳಿಸುವುದೂ ಇದೇ ವಿದ್ಯೆ; ಅಲ್ಲಿ ತಳದಲ್ಲುಳಿದುದು ಬೇಡವಾದುದು, ಇಲ್ಲಿ ಬೇಕಾದುದು, ಅಷ್ಟೇ ವ್ಯತ್ಯಾಸ. ಕಪ್ಪತಗುಡ್ಡದ ಹಳ್ಳಗಳಲ್ಲಿ ಹೀಗೆ ಮರಳನ್ನು ತೊಳೆದು ಚಿನ್ನವನ್ನು ಹುಡುಕುತ್ತಿದ್ದವರನ್ನು ಹತ್ತೊಂಬತ್ತನೆಯ ಶತಮಾನದ ವರದಿಗಳು ಜಾಲಗಾರರೆಂದು ಹೆಸರಿಸಿವೆ. ಅಕ್ಕಸಾಲೆಯ ಬೂದಿಯನ್ನೂ ಬೀದಿಯ ಮಣ್ಣನ್ನೂ ತೊಳೆದು ಲೋಹದ ಕಣವನ್ನು ಆಯುವವನಿಗೂ ಈ ಹೆಸರು ಸಲ್ಲುತ್ತಿದ್ದಿತು. ಕುವೆಂಪು ಅವರ ನಾಟಕದಿಂದ ‘ಜಲಗಾರ’ನೆಂದರೆ ಬೀದಿಯನ್ನು ಗುಡಿಸುವವನೆಂದು ಮಾತ್ರ ತಿಳಿದಿರುವ ವಿದ್ಯಾರ್ಥಿಗಳಿಗೆ ಈ ಹಳೆಯ ಬಳಕೆಯನ್ನೂ ಉಪಾಧ್ಯಾಯರು ಹೇಳುವುದು ಉಚಿತ.

ಹರಿಯುವ ನೀರಿನ ಕೆಳಗೆ ಕಂಬಳಿಯನ್ನೋ ಕುರಿಯ ಚರ್ಮವನ್ನೋ ಹಾಸಿದರೆ ಭಾರವಾದ ಕಣಗಳು ಉಣ್ಣೆಯೊಳಗೆ ಸಿಕ್ಕಿಕೊಳ್ಳುವುವು. ಗ್ರೀಕರ ‘ಹೊಂದುಪ್ಪಟ’ದ ಕಥೆಗೆ ಈ ಕ್ರಮವೇ ಮೂಲವೆಂದು ಸ್ಟ್ರಾಬೊ ಎಂಬ ಭೂಗೋಳಜ್ಞನೇ ಹೇಳಿದ್ದಾನೆ. ಇತ್ತೀಚಿನ ಶತಮಾನಗಳ ಯಂತ್ರದ ಗಣಿಗಳಲ್ಲಿ ಕೂಡ ಅರೆದ ಕಲ್ಲಿನ ನೀರನ್ನು ಕಂಬಳಿ ಹಾಸಿದ ಇಳಿಜಾರು ಮಣೆಗಳ ಮೇಲೆ ಹರಿಸುತ್ತಿದ್ದರು. ಒಂದು ಉಪಾಯವು ಒಳ್ಳೆಯದಾದರೆ ಎರಡು ಸಾವಿರ ವರ್ಷವಾದರೂ ಗಣಿಯವರು ಅದನ್ನು ಬಿಡುವುದಿಲ್ಲ.

ಇಂಥ ಗಣಿಗಳನ್ನು ಆಳುವವರು ಹೇಗೆ ಹುಡುಕುತ್ತಿದ್ದರು? ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಆಕರಾಧ್ಯಕ್ಷನ ಕೆಲಸವನ್ನು ಹೇಳುವ ಪ್ರಕರಣವಿದೆ. ಹಿಂದೆ ನಡೆಯುತ್ತಿದ್ದ ಗಣಿಯನ್ನು ಕಿಟ್ಟ, ಮೂಸೆ, ಇದ್ದಿಲು, ಬೂದಿಗಳ ಗುರುತಿನಿಂದ ಕಂಡುಕೊಳ್ಳಬೇಕೆಂದು ಅಲ್ಲಿ ವಿಧಿಸಿದೆ. ಎಂದರೆ ಆ ಗ್ರಂಥದ ಕಾಲಕ್ಕೇ ಗಣಿಗಳು ಹಳೆಯವಾಗಿದ್ದುವು. ಹಳೆಯದನ್ನು ಹಿಡಿದು ಹೊಸದನ್ನು ತೆರೆಯುವುದು ರೂಢಿಯಾಗಿದ್ದಿತು. ಎರಡು ಸಾವಿರ ವರ್ಷಗಳ ಮೇಲೆ ಬಂದ ಇಂಗ್ಲಿಷ್ ಕಂಪೆನಿಗಳೂ ಇದನ್ನೇ ಮಾಡಿದುವು. ಹಟ್ಟಿಯಾಗಲಿ ಕೋಲಾರವಾಗಲಿ ಹಳೆಯ ಹೊಂಡಗಳ ಗುರುತಿನಿಂದಲೇ ಮತ್ತೆ ಬೆಳಕಿಗೆ ಬಂದುವು.

ಕೋಲಾರದ ಕಥೆ ಚೆನ್ನಾಗಿ ತಿಳಿದದ್ದು. 1802ರಲ್ಲಿ ಮೈಸೂರಿನ ಗಡಿಯನ್ನು ಅಳೆಯಲು ಬಂದ ಲೆಫ್ಟೆನೆಂಟ್ ಜಾನ್ ವಾರೆನನು ಊರಿಗಾಂ, ಮಾರಿಕುಪ್ಪಗಳ ಸುತ್ತ ಹಳ್ಳಿಯ ಜನ ಚಿನ್ನವನ್ನು ತೊಳೆಯುವುದನ್ನು ಕಂಡನು. ಗಂಡಸರು ಸುರಂಗದಿಂದ ಕಲ್ಲನ್ನು ತರುವರು. ಹೆಂಗಸರು ಅದನ್ನು ಕುಟ್ಟಿ ತೊಳೆಯುವರು. 1871ರಲ್ಲಿ ಮೈಕೇಲ್ ಲಾವೆಲನು ವಾರೆನನ ವರದಿಯನ್ನು ಓದಿ ಅಲ್ಲಿಗೆ ಬಂದನು. 1880ರಿಂದ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯು ಕೆಲಸವನ್ನು ವಹಿಸಿಕೊಂಡಿತು. ಮೊದಲ ವರ್ಷಗಳಲ್ಲಿ ನಷ್ಟವೇ ಹೆಚ್ಚಾಗಿದ್ದು, ಹಳೆಯ ಕೆಲಸದ ತಳವನ್ನು ದಾಟಿ ಇಳಿದ ಮೇಲೆಯೇ, 1885ರ ಸುಮಾರಿಗೆ, ಶ್ರೀಮಂತವಾದ ಎಳೆಯು ಕಾಣಿಸಿತು. ಹಿಂದಿನವರು ನಿಂತದ್ದು ಚಿನ್ನ ಮುಗಿದುದರಿಂದಲ್ಲ, ನೀರೂ ಗಾಳಿಯೂ ಅಡ್ಡಬಂದುದರಿಂದ ಎಂಬುದು ಆಗ ಸ್ಪಷ್ಟವಾಯಿತು.

ಮಸ್ಕಿಯ ಶಾಸನವು ಚಿನ್ನದ ಶೋಧದಿಂದ ಸಾಹಿತ್ಯಚರಿತ್ರಕಾರರಿಗೆ ದೊರೆತ ಬಹುಮಾನವೆಂದರೆ ತಪ್ಪಾಗದು. ಅದನ್ನು 1915ರಲ್ಲಿ ಕಂಡವನು ಶಾಸನತಜ್ಞನಲ್ಲ. ನಿಜಾಮರ ಸೀಮೆಯಲ್ಲಿ ಚಿನ್ನದ ಕುರುಹುಗಳನ್ನು ಅರಸುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದಾಗ, ‘ದೇವಾನಾಂಪ್ರಿಯ’ನೆಂಬ ಬಿರುದಿನ ರಾಜನು ಅಶೋಕನೇ ಎಂಬುದು ಶಿಲೆಯ ಸಾಕ್ಷ್ಯದಿಂದಲೇ ಸ್ಥಿರಪಟ್ಟಿತು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನಗಳನ್ನು ಸುಮಾರು 1929ರಲ್ಲಿ ಬೆಳಕಿಗೆ ತಂದವನೂ ಒಬ್ಬ ಭೂವಿಜ್ಞಾನಿಯೇ. ಇದನ್ನು ಬರಿಯ ಆಕಸ್ಮಿಕವೆನ್ನಲಾಗದು. ಬಿ. ಎಲ್. ರೈಸರು 1892ರಲ್ಲಿ ಮೊಳಕಾಲ್ಮೂರಿನ ಬಳಿಯ ಬ್ರಹ್ಮಗಿರಿ ಮೊದಲಾದೆಡೆಗಳಲ್ಲಿ ಕಂಡ ಶಾಸನಗಳಲ್ಲಿ ಇಸಿಲದ ಮಹಾಮಾತ್ರರಿಗೆ ಆಜ್ಞೆಯು ಹೊರಟಿರುವುದು ‘ಸುವರ್ಣಗಿರಿ’ಯಲ್ಲಿದ್ದ ಆರ್ಯಪುತ್ರನಿಂದ. ಈ ಸುವರ್ಣಗಿರಿ ಯಾವುದು? ಕೆಲವರು ಮಸ್ಕಿಯೆಂದರು, ಹುಲ್ಟ್‌ಷರು ಮಸ್ಕಿಯ ದಕ್ಷಿಣಕ್ಕಿರುವ ಕನಕಗಿರಿಯೆಂದರು, ಇನ್ನು ಕೆಲವರು ಎರ್ರಗುಡಿಯ ಸಮೀಪದ ಜೊನ್ನಗಿರಿಯೆಂದರು. ಹೆಸರಿನ ಸಾಮ್ಯವನ್ನು ನೆಚ್ಚಿದರೆ ಕನಕಗಿರಿಗೂ ಜೊನ್ನಗಿರಿಗೂ ಸಮಾನವಾದ ಹಕ್ಕು. ನೆಲದ ಚಿನ್ನವನ್ನು ನೆಚ್ಚಿದರೂ ತೀರ್ಪು ಸುಲಭವಲ್ಲ. ಜೊನ್ನಗಿರಿಯ ಸೀಮೆಯಲ್ಲಿಯೂ ಚಿನ್ನದ ಅದಿರು ಉಂಟು.

ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಮಸ್ಕಿ, ನಿಟ್ಟೂರು, ಉಡೇಗೊಳ, ಎರ್ರಗುಡಿ, ಬ್ರಹ್ಮಗಿರಿಗಳನ್ನು ನಕ್ಷೆಯ ಮೇಲೆ ಗುರುತಿಸಿ, ಅದೇ ನಕ್ಷೆಯಲ್ಲಿ ಪದರುಶಿಲೆಯ ಪಟ್ಟೆಗಳನ್ನೂ ಹಳೆಯ ಹೊಂಡಗಳನ್ನೂ ತೋರಿಸಿದರೆ, ಮೌರ್ಯರ ದಕ್ಷಿಣದ ಆಡಳಿತವು ಹೊನ್ನಿನ ಸೀಮೆಯ ಸುತ್ತಲೇ ನೆಲೆಗೊಂಡಿತೆಂಬುದು ಕಾಣುವುದು. ಶಾಸನಗಳನ್ನು ಧರ್ಮಬೋಧೆಯ ಫಲಕಗಳೆಂದು ಮಾತ್ರ ಪಾಠಹೇಳುವುದು ಅರ್ಧ ಪಾಠವಾದೀತು. ರಾಜಪುತ್ರನೊಬ್ಬನನ್ನು ಪಾಟಲೀಪುತ್ರದಿಂದ ಇಷ್ಟು ದೂರದಲ್ಲಿ ಇರಿಸಿದುದಕ್ಕೂ ಅವನ ಊರಿಗೆ ಸುವರ್ಣದ ಹೆಸರು ಬಂದುದಕ್ಕೂ ಸಂಬಂಧವಿಲ್ಲವೆನ್ನುವುದು ಕಷ್ಟ.

ಕುಟ್ಟಿ ಜಾಲಿಸುವ ವಿಧಾನದಲ್ಲಿ ಒಂದು ದೊಡ್ಡ ಕೊರತೆಯುಂಟು. ಬಹಳ ನುಣುಪಾದ ಕಣಗಳು ಭಾರವಾದ ಲೋಹದವಾದರೂ ನೀರಿನ ಮೇಲೆ ತೇಲಿಹೋಗುವುವು. ಇವನ್ನು ಹಿಡಿಯಲು ಪಾದರಸವು ಬಂದಿತು. ಪಾದರಸವು ಚಿನ್ನವನ್ನು ಮುಟ್ಟಿದರೆ ಸಾಕು, ಅದನ್ನು ತನ್ನೊಳಕ್ಕೆ ಸೆಳೆದುಕೊಂಡು ಬಿಳಿಯ ಬೆಣ್ಣೆಯಂಥ ಮುದ್ದೆಯಾಗುವುದು. ಮುದ್ದೆಯನ್ನು ಕಾಯಿಸಿದರೆ ಪಾದರಸವು ಆವಿಯಾಗಿ ಹೋಗಿ ಚಿನ್ನವು ಉಳಿಯುವುದು. ಬಿಳಿಯ ದ್ರವವು ಚಿನ್ನವನ್ನು ನುಂಗಿ ಕಾಣದಂತೆ ಮಾಡಿ, ಬೆಂಕಿಯಲ್ಲಿ ಮತ್ತೆ ಹಳದಿಯಾಗಿ ಹಿಂದಿರುಗಿಸುವುದನ್ನು ಕಂಡವರಿಗೆ, ರಸದಿಂದ ಚಿನ್ನವನ್ನು ಹುಟ್ಟಿಸಬಹುದೆಂಬ ಭಾವನೆ ಬಂದುದು ಆಶ್ಚರ್ಯವಲ್ಲ. ಅರ್ಥಶಾಸ್ತ್ರದಲ್ಲಿಯೇ ‘ರಸವಿದ್ಧ’ವೆಂಬ ಚಿನ್ನದ ಭೇದವು ಹೇಳಿದೆ, ನಮ್ಮ ಕಾವ್ಯಗಳ ರಸವಾದಿಗಳನ್ನು ಬರಿಯ ಮೋಸಗಾರರೆಂದು ತಳ್ಳಿಹಾಕುವ ಮೊದಲು ಈ ಮುದ್ದೆಯನ್ನು ನೆನೆಯಬೇಕು. ಕೋಲಾರದಲ್ಲಿ ಉಕ್ಕಿನ ಒನಕೆಗಳ ಸಾಲು ಕಲ್ಲನ್ನು ಕುಟ್ಟುತ್ತಿದ್ದಿತು. ಆ ರಾಡಿಯು ಪಾದರಸವನ್ನು ಸವರಿದ ತಾಮ್ರದ ತಗಡುಗಳ ಮೇಲೆ ಹರಿದು, ಚಿನ್ನವನ್ನು ತಗಡಿಗೆ ಬಿಟ್ಟು ಮುಂದೆ ಹೋಗುತ್ತಿದ್ದಿತು. ಪಾದರಸದ ಆವಿಯು ಮನುಷ್ಯನ ನರಗಳಿಗೆ ವಿಷ; ದೊಡ್ಡ ಗಣಿಗಳು ಈಗ ಈ ಕ್ರಮವನ್ನು ಬಿಟ್ಟಿವೆ.

ಪೈರೈಟಿನೊಳಗೆ ಹುದುಗಿದ ಕಣವನ್ನು ಪಾದರಸವೂ ಮುಟ್ಟಲಾರದು. ಆದುದರಿಂದ 1880ರ ದಶಕದವರೆಗೆ ಗಣಿಗಳ ಹಿತ್ತಲಲ್ಲಿ ಬೂದಿಬಣ್ಣದ ಮರಳಿನ ರಾಶಿಗಳು ಬೆಳೆಯುತ್ತಿದ್ದುವು. ಅವುಗಳಲ್ಲಿ ಚಿನ್ನವಿದೆಯೆಂದು ಎಲ್ಲರಿಗೂ ಗೊತ್ತು, ತೆಗೆಯುವ ದಾರಿ ಗೊತ್ತಿಲ್ಲ. 1887ರಲ್ಲಿ ಗ್ಲಾಸ್ಗೋ ನಗರದ ಜಾನ್ ಸ್ಟೂವರ್ಟ್ ಮ್ಯಾಕಾರ್ಥರನೂ ಫಾರೆಸ್ಟ್ ಸೋದರರೂ ಆ ದಾರಿಯನ್ನು ತೆರೆದರು. ಸಯನೈಡಿನ ಲವಣವನ್ನು ನೀರಿನಲ್ಲಿ ಕರಗಿಸಿ ಆ ನೀರನ್ನು ಅದಿರಿನ ಪುಡಿಯೊಡನೆ ಕಲಸಿದರೆ ಚಿನ್ನವು ಸಕ್ಕರೆಯಂತೆ ಕರಗಿ ನೀರಿಗೆ ಬರುವುದು. ಇದಕ್ಕೆ ಗಾಳಿಯ ಆಮ್ಲಜನಕವು ಅವಶ್ಯಕವೆಂಬುದನ್ನು 1846ರಲ್ಲಿಯೇ ಎಲ್ಸ್‌ನರನು ತೋರಿಸಿದ್ದನು. ದ್ರಾವಣವು ತೀಕ್ಷ್ಣವಾಗಿರಬೇಕಾಗಿಲ್ಲ, ಸಾವಿರ ಪಾಲು ನೀರಿಗೆ ಅರ್ಧ ಪಾಲು ಸಯನೈಡು ಸಾಕು, ಒಮ್ಮೊಮ್ಮೆ ಅದಕ್ಕೂ ಕಡಮೆ. ಸಾಮಾನ್ಯವಾದ ಆಮ್ಲಗಳಿಗೆ ಬಗ್ಗದ ಚಿನ್ನವು ಇಷ್ಟು ತೆಳುವಾದ ನೀರಿಗೆ ಬಗ್ಗುವುದು ರಸಾಯನಶಾಸ್ತ್ರದ ವಿಚಿತ್ರಗಳಲ್ಲೊಂದು. ರಾಡಿಗೆ ಸುಣ್ಣವನ್ನು ಧಾರಾಳವಾಗಿ ಸೇರಿಸಬೇಕು. ಇಲ್ಲವಾದರೆ ಸಯನೈಡು ವಿಷಾನಿಲವಾಗಿ ಗಾಳಿಗೆ ಸೇರುವುದು. ಈ ಒಂದು ವಿಧಾನದಿಂದ ಲೋಕದ ಚಿನ್ನದ ಕಣಜವೇ ಬದಲಾಯಿತು. ದಕ್ಷಿಣ ಆಫ್ರಿಕದ ಗಣಿಗಳು ಉಳಿದುಕೊಂಡುವು. ಕೋಲಾರದ ಮರಳಿನ ರಾಶಿಗಳು ರಾತ್ರಿಬೆಳಗಾಗುವುದರೊಳಗೆ ಎಂಬಂತೆ ಅದಿರಾದುವು.

ಕರಗಿದ ಚಿನ್ನವನ್ನು ಮತ್ತೆ ಹಿಡಿಯುವುದಕ್ಕೆ ಮೊದಲು ಸತುವನ್ನು ಬಳಸುತ್ತಿದ್ದರು. ಸತುವು ತಾನು ಕರಗಿ ಚಿನ್ನವನ್ನು ಕೆಡಹುವುದು. ಇದಕ್ಕಾಗಿ ರಾಡಿಯನ್ನು ಸೋಸಿ ತಿಳಿನೀರನ್ನು ಬೇರೆಮಾಡಬೇಕಾಗಿದ್ದಿತು. ಈಗ ಹಟ್ಟಿಯಲ್ಲಿಯೂ ಇತರ ಗಣಿಗಳಲ್ಲಿಯೂ ರೂಢಿಯಲ್ಲಿರುವುದು ಇದ್ದಿಲಿನ ವಿಧಾನ. ವಿಶೇಷವಾಗಿ ಹದಗೊಳಿಸಿದ ಇದ್ದಿಲಿನ ಹರಳುಗಳನ್ನು ರಾಡಿಯೊಳಕ್ಕೇ ಬಿಡುವರು. ಚಿನ್ನವು ಅವುಗಳ ಸೂಕ್ಷ್ಮರಂಧ್ರಗಳಲ್ಲಿ ಅಂಟಿಕೊಳ್ಳುವುದು. ರಾಡಿಯೊಡನೆ ಉಜ್ಜಿದರೂ ಸವೆಯದಷ್ಟು ಗಟ್ಟಿಯಾದ ಇದ್ದಿಲು ಬೇಕಾದುದರಿಂದ ಇದಕ್ಕೆ ತೆಂಗಿನ ಕರಟದ ಇದ್ದಿಲೇ ಶ್ರೇಷ್ಠ. ಹರಳುಗಳನ್ನು ಜರಡಿಹಿಡಿದು, ಕಾದ ಕ್ಷಾರದ್ರಾವಣದಲ್ಲಿ ತೊಳೆದು, ಆ ದ್ರಾವಣಕ್ಕೆ ವಿದ್ಯುತ್ತನ್ನು ಹಾಯಿಸಿದರೆ ಚಿನ್ನವು ಉಕ್ಕಿನ ಎಳೆಗಳ ಮೇಲೆ ಕೂರುವುದು. ಕೊನೆಗೆ ಬಿಳಿಗಾರವನ್ನು ಸೇರಿಸಿ 1064 ಡಿಗ್ರಿಗೆ ಮೀರಿದ ಶಾಖದಲ್ಲಿ ಕರಗಿಸಿ ಎರಕ ಹೊಯ್ಯುವರು.

ಗಣಿಯಿಂದ ಬಂದ ಗಟ್ಟಿಯಲ್ಲಿ ಅಷ್ಟಿಷ್ಟು ಬೆಳ್ಳಿ ಇದ್ದೇ ಇರುವುದು. ಅದನ್ನು ಕಳೆಯಲು ಅಕ್ಕಸಾಲಿಗರು ಬಳಸಿದ ಉಪಾಯವೇ ಪುಟ. ಚಿನ್ನದ ತೆಳುವಾದ ತಗಡುಗಳನ್ನು ಉಪ್ಪು, ಇಟ್ಟಿಗೆಯ ಪುಡಿಗಳ ನಡುವೆ ಮುಚ್ಚಿಟ್ಟು, ಕರಗದಷ್ಟು ಶಾಖದಲ್ಲಿ ಬಹಳ ಹೊತ್ತು ಕಾಯಿಸುವರು. ಉಪ್ಪಿನಿಂದೆದ್ದ ಆವಿಯು ಬೆಳ್ಳಿಯನ್ನು ಹಿಡಿದು ಲವಣವನ್ನಾಗಿ ಮಾಡುವುದು, ಇಟ್ಟಿಗೆಯ ಪುಡಿ ಅದನ್ನು ಹೀರುವುದು, ಚಿನ್ನವು ತಾನೊಂದೇ ಉಳಿಯುವುದು. ಪುಟದಿಂದ ಪುಟಕ್ಕೆ ಬಣ್ಣವೇರುವುದನ್ನು ಒರೆಗಲ್ಲಿನ ಮೇಲೆ ನೋಡುವರು. 1867ರಲ್ಲಿ ಮಿಲ್ಲರನು ಕರಗಿದ ಚಿನ್ನದೊಳಕ್ಕೆ ಕ್ಲೋರಿನ್ ಅನಿಲವನ್ನು ಊದಿ ಶುದ್ಧಮಾಡುವ ಕ್ರಮವನ್ನು ಕಂಡುಹಿಡಿದನು. ಅಲ್ಲಿ ಕೆಲಸಮಾಡುವುದೂ ಉಪ್ಪಿನಲ್ಲಿರುವ ಆ ವಸ್ತುವೇ. ಕವಿಗಳು ‘ಪುಟಕ್ಕಿಟ್ಟ ಚಿನ್ನ’ವೆಂದಾಗ ಬೆಂಕಿಯೊಂದನ್ನೇ ನೆನೆಯುವುದು ವಾಡಿಕೆಯಾಗಿದೆ. ಬೆಂಕಿ ಮಾತ್ರದಿಂದ ಬೆಳ್ಳಿ ಹೋಗುವುದಿಲ್ಲ; ಪುಟದೊಳಗಿನ ಉಪ್ಪು ಉಪಮೆಯಿಂದ ಹೊರಗುಳಿದುಬಿಟ್ಟಿದೆ.

ಇನ್ನು ಅದಿರು ಮತ್ತೆ ಕಲ್ಲಾದ ಬಗೆ. ಕೋಲಾರದ ಗಣಿಗಳಿಗೆ ಶಿವಸಮುದ್ರದಿಂದ 1902ರಲ್ಲಿ ವಿದ್ಯುಚ್ಛಕ್ತಿ ಬಂದಿತು. ಅದರ ಬಲದಿಂದ ಅವು ಇಳಿಯುತ್ತ ಇಳಿಯುತ್ತ ಮೂರು ಕಿಲೋಮೀಟರಿಗೂ ಮೀರಿದ ಆಳವನ್ನು ಸೇರಿದುವು. ಅಲ್ಲಿ ಕಲ್ಲಿನ ಶಾಖವೇ 60 ಡಿಗ್ರಿಗೆ ಮೇಲೆ. ಮೇಲಿನ ಭಾರಕ್ಕೆ ಗೋಡೆಗಳು ಸಿಡಿದು ಕೆಲಸಗಾರರನ್ನು ಬಲಿತೆಗೆದುಕೊಳ್ಳುತ್ತಿದ್ದುವು. ಸಿಡಿಲಿಲ್ಲದೆ ಬದುಕಿದವರ ಎದೆಯೊಳಕ್ಕೆ ಬೆಣಚಿನ ಧೂಳು ಇಳಿಯುತ್ತಿದ್ದಿತು; ಪುಪ್ಪುಸವನ್ನು ಗಟ್ಟಿಮಾಡುವ ಸಿಲಿಕೋಸಿಸ್ ರೋಗಕ್ಕೆ ಮದ್ದಿಲ್ಲ. ಆರಂಭದ ದಶಕಗಳಲ್ಲಿ ಟನ್ನಿಗೆ ಒಂದು ಔನ್ಸನ್ನು, ಎಂದರೆ 31 ಗ್ರಾಮನ್ನು, ಮೀರಿ ಕೊಡುತ್ತಿದ್ದ ಕಲ್ಲು ಕೊನೆಗೆ ಕೆಲವೇ ಗ್ರಾಮುಗಳಿಗೆ ಇಳಿಯಿತು. ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನವನ್ನು ಕೊಟ್ಟು, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಹಟ್ಟಿಯಲ್ಲಿ ನಿಜಾಮರ ಕಾಲದ ಕಂಪೆನಿಯು 1903ರಿಂದ 1920ರವರೆಗೆ ಕೆಲಸಮಾಡಿ ನಿಲ್ಲಿಸಿದ್ದಿತು. 1947ರಲ್ಲಿ ಹೈದರಾಬಾದು ಚಿನ್ನದ ಗಣಿ ಕಂಪೆನಿಯು ಹುಟ್ಟಿ, 1956ರಲ್ಲಿ ಹಟ್ಟಿಯ ಹೆಸರನ್ನು ತಳೆಯಿತು. ಟನ್ನಿಗೆ ಕೆಲವೇ ಗ್ರಾಮುಗಳ ಕಲ್ಲಿನಿಂದಲೇ ಅದು ನಡೆಯುತ್ತಿದೆ. ಚಿನ್ನದ ಪ್ರಮಾಣವು ಹೆಚ್ಚುಕಡಮೆ ಒಂದೇ ಆದರೂ, ಕೋಲಾರದ ಆಳದಲ್ಲಿ ಅದು ಕಲ್ಲು, ಹಟ್ಟಿಯಲ್ಲಿ ಅದಿರು. ಮೇಲೆ ಹೇಳಿದ ಲಕ್ಷಣಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಕೋಲಾರದಲ್ಲಿ ಉಳಿದಿರುವುದು ಸಯನೈಡು ಗುಡ್ಡಗಳೆಂದು ಜನರು ಕರೆಯುವ ಮರಳಿನ ದಿಬ್ಬಗಳು. ಸುಮಾರು 3 ಕೋಟಿ 30 ಲಕ್ಷ ಟನ್ನು. ಟನ್ನಿಗೆ ಮುಕ್ಕಾಲು ಗ್ರಾಮಿಗೆ ತುಸು ಕಡಮೆಯಾದ ಚಿನ್ನ ಅವುಗಳಲ್ಲಿದೆಯೆಂದು ಎಣಿಸಿದರೆ ಒಟ್ಟು 23 ಟನ್ನಿನಷ್ಟಾಗುವುದು. ಈ ಮರಳು ಆಗಲೇ ಅರೆದದ್ದು, ಆಗಲೇ ಮೇಲೆ ಬಂದದ್ದು, ಸುರಂಗದ ಖರ್ಚಿಲ್ಲ. ಆದುದರಿಂದ ಇದನ್ನು ಮತ್ತೆ ತೊಳೆಯುವ ಯೋಜನೆಗಳು ಹಲವು ಸಲ ಪರಿಶೀಲನೆಗೆ ಬಂದಿವೆ. ಬೇಸಗೆಯ ಗಾಳಿಗೆ ಈ ದಿಬ್ಬಗಳ ಧೂಳು ಊರಿನ ಮೇಲೆ ಹಾರುವುದರಿಂದ, ಅವನ್ನು ಏನು ಮಾಡಬೇಕೆಂಬುದು ಅಲ್ಲಿಯವರಿಗೆ ಚಿನ್ನದ ಬೆಲೆಗಿಂತ ಹತ್ತಿರದ ಪ್ರಶ್ನೆ. ಆರ್ಸೆನಿಕ್ಕು ಚಿನ್ನದ ಜತೆಗಾರನಾದುದರಿಂದ ರಾಯಚೂರು, ಯಾದಗಿರಿ ಜಿಲ್ಲೆಗಳ ಪದರುಶಿಲೆಯ ಸೀಮೆಯಲ್ಲಿ ಕೆಲವೆಡೆ ಬಾವಿಯ ನೀರಿನಲ್ಲಿಯೂ ಅದು ಕಂಡುಬಂದಿದೆ.

ಹಟ್ಟಿಯ ಹಳೆಯ ಸುರಂಗಗಳಿಗೂ ಇದೇ ನಿಯಮ ತಗಲುವುದು. ಪ್ರಾಚೀನರು ಶ್ರೀಮಂತವಾದ ಎಳೆಯನ್ನು ತೆಗೆದುಕೊಂಡು, ಬಡಕಲ್ಲನ್ನು ಹಿಂದಿನ ಟೊಳ್ಳಿಗೆ ತುಂಬಿದರು. ಆ ತುಂಬುಗಲ್ಲೂ ಪಕ್ಕದ ಗೋಡೆಯೂ ಇಂದಿನ ಗಿರಣಿಗೆ ಅದಿರು. ಗಿರಣಿಗೆ ಹೋದ ತುಂಬುಗಲ್ಲಿನೊಡನೆ ಇದ್ದಿಲು, ಮಡಕೆಯ ಚೂರು, ಮರದ ಊರೆಗೋಲು ಎಲ್ಲವೂ ಹೋಗುವುವು. ಆ ಗಣಿಯ ಕಾಲವನ್ನು ತಿಳಿಸಿದುದು ಇಂಥದೇ ಮರದ ಒಂದೆರಡು ತುಂಡುಗಳು. ಶಾಸನದ ಬಂಡೆಯನ್ನು ಒಡೆಯದಂತೆ ಕಾಯುವ ಕಾನೂನಿರುವಂತೆ, ಹಳೆಯ ಸುರಂಗದ ತುಂಬುಗಲ್ಲನ್ನು ಒಡೆಯುವ ಮೊದಲು ಅಳೆದು, ಚಿತ್ರ ಬರೆದುಕೊಂಡು, ಮರವನ್ನೂ ಮಡಕೆಯನ್ನೂ ತೆಗೆದಿಡುವ ಏರ್ಪಾಡು ಗಣಿಯ ನಿತ್ಯದ ಕೆಲಸದೊಳಗೇ ಸೇರಬೇಕಾಗಿದೆ. ಸುವರ್ಣಗಿರಿಯ ಚರ್ಚೆಗೆ ಬೇಕಾದ ಮುಂದಿನ ಸಾಕ್ಷ್ಯವು ಬಂಡೆಯ ಮೇಲೆ ಸಿಕ್ಕುವುದಕ್ಕಿಂತ ಈ ಟೊಳ್ಳುಗಳಲ್ಲಿ ಸಿಕ್ಕುವ ಸಂಭವವೇ ಹೆಚ್ಚು.